ಅಳೋದು ಆಮೇಲೆ

ಜನವರಿ ೯, ಗುರುವಾರ

ಇವತ್ತು ಒಬ್ಬ ಗಡ್ಡದವನು ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೂ ನನ್ನ ಮುಖವನ್ನೇ ನೋಡುತ್ತಾ ಬಂದ. ಮೂವತ್ತೆಂಟು ವಯಸ್ಸಿನ ಕಂಡಕ್ಟರಮ್ಮನ ಮುಖದಲ್ಲಿ ನೋಡುವಂಥದ್ದು ಏನಿದೆ? ಮೊದಲು ಮೈ ಉರಿಯಿತು, ಆಮೇಲೆ ಭಯ ಹತ್ತಿತು. ಚೆಕಿಂಗ್‌ನವನಿರಬಹುದು ಅಂತ ಟಿಕೆಟ್ ಮೆಷಿನ್ನಿನ ಲೆಕ್ಕ ಎರಡು ಸಲ ನೋಡಿದೆ. ತಪ್ಪಿರಲಿಲ್ಲ. ನನ್ನ ಲೆಕ್ಕ ತಪ್ಪುವುದಿಲ್ಲ, ಆದರೂ ನೋಡುತ್ತೇನೆ.

ತೆರಕಣಾಂಬಿ ಹತ್ತಿರ ಒಬ್ಬಳು ಹೆಂಗಸು ಅರಿಶಿನದ ಚೀಲ ಹೊತ್ತುಕೊಂಡು ಎದ್ದು ನಿಂತು, "ಇಲ್ಲೇ ನಮ್ಮ ಒಲ ಕಣವ್ವ, ಒಸಿ ನಿಲ್ಸಿಬುಡು" ಅಂದಳು. ಸ್ಟಾಪ್ ಇಲ್ಲ ಅಂದೆ. ಅವಳು ಬೇಡಿದಳು, ನಾನು ಮುಂದಿನ ಸೀಟಿಗೆ ಟಿಕೆಟ್ ಹರಿದೆ. ಇಳಿಯುವಾಗ, "ಎದೇಲಿ ಕಲ್ಲು ಮಡಿಕ್ಕಂಡವ್ಳೆ" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದು ಹೋದಳು. ನನಗೆ ಇದೇನು ಹೊಸ ಬಿರುದಲ್ಲ.

ನಿಲ್ದಾಣದಲ್ಲಿ ಗಡ್ಡದವನು ಹತ್ತಿರ ಬಂದ. ಹೆಸರು ಪ್ರದೀಪ್, ಮೈಸೂರಿನ ಸಿನಿಮಾ ಡೈರೆಕ್ಟರ್. ರಾಜಕೀಯದ ಕಥೆ ಮಾಡುತ್ತಿದ್ದಾನಂತೆ. ನಾಯಕಿ ಒಂದು ಪುರಸಭೆಯ ಅಧ್ಯಕ್ಷೆ, ಹೆಸರು ಪುಟ್ಟತಾಯಿ. ಊರಿಗೇ ಬುದ್ಧಿವಂತೆ. ನಗುವುದಿಲ್ಲ, ಅಳುವುದಿಲ್ಲ. ಐದು ಜನ ನಟಿಯರನ್ನು ನೋಡಿದನಂತೆ, ಎಲ್ಲರೂ ಆ್ಯಕ್ಟಿಂಗ್ ಮಾಡಿಬಿಡುತ್ತಾರೆ ಅನ್ನುವುದೇ ಅವನ ಕಷ್ಟ.

"ಆಯಮ್ಮ ಅಷ್ಟು ಬೈದ್ರೂ ನಿಮ್ಮ ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ ಮೇಡಂ. ನನಗೆ ಆ ಮುಖ ಬೇಕು" ಅಂದ.

ಮನೆಗೆ ಬಂದು ಯಾರಿಗೆ ಹೇಳಲಿ? ಅವ್ವ ನನ್ನ ಜೊತೆ ಮಾತಾಡುವುದಿಲ್ಲ. ಒಂದು ವರ್ಷದ ಮೇಲಾಯಿತು. ನನ್ನ ತಮ್ಮ ನಿಂಗರಾಜ ಗುಂಡ್ಲುಪೇಟೆಯ ಮೊಬೈಲ್ ಅಂಗಡಿಯ ಕೆಲಸ ಮುಗಿಸಿ ಬರುವಾಗ, ತೆರಕಣಾಂಬಿಗೆ ಮೊದಲು ಹುಣಿಸೇ ಮರದ ತಿರುವಿನಲ್ಲಿ ಬೈಕಿನಿಂದ ಬಿದ್ದು ಹೋಗಿಬಿಟ್ಟ. ಆಸ್ಪತ್ರೆಯಲ್ಲಿ ಅವ್ವ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಕಾಗದಕ್ಕೆ ಅವಳ ಹೆಬ್ಬೆಟ್ಟು ಬೀಳದೆ ಹೆಣ ಕೊಡುವುದಿಲ್ಲ ಅಂದರು. "ಅಳೋದು ಆಮೇಲೆ ಕಣವ್ವ, ಮೊದ್ಲು ಹೆಬ್ಬೆಟ್ಟು ಒತ್ತು" ಅಂತ ನಾನೇ ಅವಳ ಕೈ ಹಿಡಿದು ಒತ್ತಿಸಿದೆ. ಅವತ್ತಿನಿಂದ ಅವ್ವ ನನಗೆ ಮಾತು ಕೊಟ್ಟಿಲ್ಲ. ಉಮ್ಮತ್ತೂರಿನಿಂದ ಕರೆದುಕೊಂಡು ಬಂದು ಚಾಮರಾಜನಗರದ ನನ್ನ ಬಾಡಿಗೆ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಅಡುಗೆ ಮಾಡುತ್ತಾಳೆ, ತಟ್ಟೆ ಇಡುತ್ತಾಳೆ, ಗೋಡೆ ಕಡೆ ತಿರುಗುತ್ತಾಳೆ.

ನಾನು ಅಳಲಿಲ್ಲ ಅನ್ನುವುದೂ ನಿಜ. ಆಮೇಲೆ ಅಂದುಕೊಂಡೆ. ಆಮೇಲೆ ಬರಲಿಲ್ಲ.

ಜನವರಿ ೧೩, ಸೋಮವಾರ

ಒಪ್ಪಿಕೊಂಡುಬಿಟ್ಟೆ. ಯಾಕೆ ಒಪ್ಪಿಕೊಂಡೆ ಅಂತ ಬೆಳಗ್ಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಬಾಕಿ ರಜೆ ಇತ್ತು, ಡಿಪೋದಲ್ಲಿ ಅನುಮತಿಯೂ ಸಿಕ್ಕಿತು, ಇನ್ನು ನೆಪ ಉಳಿಯಲಿಲ್ಲ. ಮನೆ ಓನರ್ ಗುರುಮಲ್ಲಮ್ಮನವರು, "ನಮ್ಮನೇಲಿ ಹೀರೋಯಿನ್ ಅವಳೆ ಅಂತ ಬೋರ್ಡ್ ಬರೆಸ್ಬುಡ್ತೀನಿ, ಬಾಡ್ಗೆ ಜಾಸ್ತಿ ಮಾಡಕ್ಕೆ ಒಂದ್ ಕಾರಣ ಆಯ್ತದೆ" ಅಂತ ರೇಗಿಸಿದರು. ಅವ್ವ ಒಳಗೆ ಅಕ್ಕಿ ಆರಿಸುತ್ತಿದ್ದಳು. ಕೇಳಿಸಿತೋ ಇಲ್ಲವೋ.

ಗುಂಡ್ಲುಪೇಟೆಯ ಹಳೇ ಬಂಗಲೆಯಲ್ಲಿ ಇವತ್ತು ಮೊದಲ ದಿನದ ಕೆಲಸ. ಪ್ರದೀಪ್ ಹೇಳಿಕೊಡುವುದು ಒಂದೇ: ಏನೂ ಮಾಡಬೇಡಿ. ಅಷ್ಟಕ್ಕೆ ಹತ್ತು ಜನ ಲೈಟು ಹಿಡಿದು ನಿಂತಿರುತ್ತಾರೆ. ಬಸ್ಸಿನಲ್ಲಿ ಇದನ್ನೇ ಪುಕ್ಕಟೆ ಮಾಡುತ್ತಿದ್ದೆನಲ್ಲ.

ಪುಟ್ಟತಾಯಿಯ ಕಥೆ ಪೂರ್ತಿ ಓದಿದೆ. ಅವಿಶ್ವಾಸದ ಓಟು ಇರುವ ದಿನ ಬೆಳಗ್ಗೆ ಅವಳ ಅಪ್ಪ ಸಾಯುತ್ತಾನೆ. ಹೆಣದ ಮುಂದೆ ನಿಂತೇ ಅವಳು ಫೋನಿನಲ್ಲಿ ಹೇಳುತ್ತಾಳೆ: "ಹೆಣ ಎಲ್ಲೂ ಓಡೋಗಲ್ಲ. ಹನ್ನೊಂದು ಜನ ಮೆಂಬರ್‌ಗಳು ಓಡೋಗ್ತಾರೆ. ಅವರನ್ನ ಬಸ್ಸಲ್ಲಿ ಕೂರಿಸಿ." ಓಟು ಗೆಲ್ಲುತ್ತಾಳೆ. ಊರಿಗೆ ನೀರು ಬರುತ್ತದೆ. ಅವಳನ್ನು ಕಂಡರೆ ಮಾತ್ರ ಯಾರಿಗೂ ಆಗುವುದಿಲ್ಲ.

ಸೆಟ್ಟಿನಲ್ಲಿ ಎಲ್ಲರೂ, "ಎಂಥಾ ಹೆಂಗ್ಸು ಸಾರ್ ಇವಳು" ಅಂತ ತಲೆ ಅಲ್ಲಾಡಿಸುತ್ತಿದ್ದರು. ನನಗೆ ಸಿಟ್ಟು ಬಂತು. ಅವಳು ಅತ್ತುಕೊಂಡು ಕೂತಿದ್ದರೆ ನಲ್ಲಿಯಲ್ಲಿ ನೀರು ಬರುತ್ತಿತ್ತಾ ಅಂತ ಕೇಳಿದೆ. ಲೈಟಿನವರು ವೈರು ಸುತ್ತತೊಡಗಿದರು. ಪ್ರದೀಪ್ ಮಾತ್ರ ನನ್ನನ್ನು ಬಸ್ಸಿನಲ್ಲಿ ನೋಡಿದ ಹಾಗೇ ನೋಡಿದ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಅವ್ವ ತಟ್ಟೆಯಲ್ಲಿ ಎಳ್ಳು ಬೆಲ್ಲ ಇಟ್ಟು ಹೋದಳು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ. ಒಳ್ಳೆಯದು ಬೇಡ, ಕೆಟ್ಟದ್ದನ್ನಾದರೂ ಆಡಬಾರದೇ.

ಜನವರಿ ೧೯, ಭಾನುವಾರ

ಶೂಟಿಂಗ್ ಇಲ್ಲದ ದಿನ ಡ್ಯೂಟಿಗೆ ಹೋಗುತ್ತಿದ್ದೇನೆ. ಇವತ್ತು ಬಸ್ಸು ಹೊರಟಾಗ ಒಬ್ಬಳು ಕಾಲೇಜು ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದಳು. ಹತ್ತಿಸಿಕೊಂಡು ಹೊರಟದ್ದರಿಂದ ತಡ ಆಯಿತು. ಡ್ರೈವರ್ ಶಿವಸ್ವಾಮಿಗೆ ವಯಸ್ಸಾಯಿತು, ಗೇರ್ ಹಾಕುವುದು ನಿಧಾನ, ಅದಕ್ಕೇ ಅವಳು ಹತ್ತಿಕೊಂಡಳು ಅಂದೆ. ಅವರು, "ನಿಲ್ಸಿ ಅಂತ ನೀವೇ ಅಲ್ವಾ ಮೇಡಂ ಸೀಟಿ ಊದಿದ್ದು" ಅಂದರು. ಇರಬಹುದು. ಅಭ್ಯಾಸಬಲ.

ತೆರಕಣಾಂಬಿ ದಾಟಿದ ಮೇಲೆ ತಲೆ ಬಗ್ಗಿಸಿ ಮೆಷಿನ್ ನೋಡಿಕೊಳ್ಳುವುದು ನನ್ನ ಪದ್ಧತಿ. ಗುಂಡ್ಲುಪೇಟೆಯ ಮನೆಗಳು ಕಾಣುವವರೆಗೆ ನೋಡುತ್ತೇನೆ. ಶಿವಸ್ವಾಮಿಗೆ ಗೊತ್ತು. ಆ ತಿರುವಿನಲ್ಲಿ ಹಾರ್ನ್ ಕೂಡ ಹೊಡೆಯುವುದಿಲ್ಲ.

ಸಂಜೆ ಪ್ರದೀಪ್ ಫೋನ್ ಮಾಡಿ ಸಾವಿನ ಸೀನ್ ಉಮ್ಮತ್ತೂರಿನಲ್ಲಿ ಅಂದ. ನಮ್ಮೂರು. ನಮ್ಮ ಬೀದಿ. ನಿಂಗರಾಜನನ್ನು ಮಲಗಿಸಿದ್ದೂ ಅಲ್ಲೇ. ಬೇರೆ ಕಡೆ ಮಾಡಿ ಅಂದೆ. ಜಾಗ ಮಾತಾಡಿ ಆಗಿದೆ, ಅಲ್ಲಿ ಹಾಡಿಕೊಂಡು ಅಳುವ ಹೆಂಗಸರು ಇದ್ದಾರೆ, ಅವರು ಸಿಕ್ಕಿದ್ದೇ ಪುಣ್ಯ ಅಂದ. ಊರಿನವರ ಎದುರಿಗೆ ನಾನು ಮತ್ತೊಮ್ಮೆ ಅಳದೆ ನಿಲ್ಲಬೇಕು. ಅನ್ನ ಸೇರಲಿಲ್ಲ. ಬಾಗಿಲ ಚಿಲಕ ಹಾಕಿದ್ದೇನೋ ಇಲ್ಲವೋ ಅಂತ ಮೂರು ಸಲ ಎದ್ದು ನೋಡಿದೆ.

ಜನವರಿ ೨೨, ಬುಧವಾರ

ನಗಬೇಕೋ ಅಳಬೇಕೋ ತಿಳಿಯದು. ಅಳುವುದಂತೂ ನನಗೆ ಬರದು, ನಕ್ಕೇ ಬರೆಯುತ್ತೇನೆ.

ಅಪ್ಪನ ಹೆಣವಾಗಲು ಪ್ರದೀಪ್ ನಂಜನಗೂಡಿನಿಂದ ಮಹಾಲಿಂಗ ಅನ್ನುವ ನಾಟಕದವನನ್ನು ಕರೆಸಿದ್ದ. ಅವನು ಹಣೆಗೆ ನಾಣ್ಯ ಅಂಟಿಸಿಕೊಂಡು, ಹೂವಿನ ಹಾರ ಹಾಕಿಕೊಂಡು, ಬೀಡಿ ಸೇದಿ ಮುಗಿಸಿ ಬಂದು ಚಟ್ಟದ ಮೇಲೆ ಅಂಗಾತ ಮಲಗಿದ. ದೊಡ್ಡಮಲ್ಲಮ್ಮ ಐದಾರು ಹೆಂಗಸರನ್ನು ಕರೆದುಕೊಂಡು ಬಂದು ಸುತ್ತ ಕೂತಳು. ನನ್ನ ಅವ್ವ ಸುಂದ್ರಮ್ಮನ ಜೊತೆ ಮೂವತ್ತು ವರ್ಷ ಸಾವಿನ ಮನೆಗಳಲ್ಲಿ ಹಾಡಿದವಳು ಅವಳು. ಕ್ಯಾಮರಾ ಶುರು ಆಯಿತು. ಒಬ್ಬರ ಬಾಯಿಂದಲೂ ಸ್ವರ ಇಲ್ಲ.

"ಯಾಕಮ್ಮ, ಹಾಡಿ" ಅಂದ ಪ್ರದೀಪ್.

"ಉಸ್ರಾಡ್ತಾವ್ನಲ್ಲಪ್ಪ" ಅಂದಳು ದೊಡ್ಡಮಲ್ಲಮ್ಮ.

"ಉಸಿರು ಕಾಣದ ಹಾಗೆ ಅವನು ಬಿಗಿ ಹಿಡೀತಾನೆ."

"ಕಾಣದು ಬುಡದು ಅಲ್ಲ ಕಣಪ್ಪ. ಬದ್ಕಿರೋನ ಮುಂದೆ ಕೂತ್ಕಂಡು ಆಡ್ಕಂಡು ಅತ್ರೆ ಅವನ ಆಯಸ್ಸು ಓಯ್ತದೆ. ನಾಳೆ ಇವನ ಎಂಡ್ತಿ ಬಂದು ನನ್ನ ಕೇಳುದ್ರೆ ನಾನೇನು ಏಳನ?"

ಇಷ್ಟು ಕೇಳಿದ್ದೇ ತಡ, ಹೆಣ ಎದ್ದು ಕೂತಿತು. "ಸಾರ್, ನನಗೆ ಚಿಕ್ಕ ಚಿಕ್ಕ ಮಕ್ಕಳಿದ್ದಾರೆ" ಅಂದವನು ಹಾರ ಕಿತ್ತು ಪಂಚೆ ಎತ್ತಿ ಕಟ್ಟಿ ವ್ಯಾನಿನ ಕಡೆ ನಡೆದ. ಪುಟ್ಟತಾಯಿಯ ಡೈಲಾಗು ಸುಳ್ಳಾಯಿತು, ಹೆಣ ಓಡಿಯೇ ಹೋಯಿತು. ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಗು ನಿಂತದ್ದು ದೊಡ್ಡಮಲ್ಲಮ್ಮ ನನ್ನ ಕಡೆ ತಿರುಗಿದಾಗ. "ಇದುಕ್ಕೇನಾರ ದಾರಿ ಇದ್ರೆ ನಿಮ್ಮವ್ವುಂಗೇ ಗೊತ್ತು. ಸುಂದ್ರಕ್ಕ ಬಂದು ಊ ಅಂದ್ರೆ ನಾವೂ ಆಡ್ತೀವಿ. ಇಲ್ದಿದ್ರೆ ಇಲ್ಲ ಕಣಮ್ಮಿ."

ಪ್ರದೀಪ್ ಕೈ ಮುಗಿದ. ಶುಕ್ರವಾರದ ಒಳಗೆ ಆಗದಿದ್ದರೆ ಈ ಸೀನ್ ಇಲ್ಲ, ಈ ಸೀನ್ ಇಲ್ಲದಿದ್ದರೆ ಸಿನಿಮಾನೇ ಇಲ್ಲ ಅಂದ. ಅವನ ಸಿನಿಮಾ ಹಾಳಾಗಲಿ. ಅವ್ವನನ್ನು ನಾನು ಹೇಗೆ ಕೇಳಲಿ? ನಿಂಗರಾಜ ಹೋದಾಗ ಬಿದ್ದು ಹೊರಳಿ ಅತ್ತಳೇ ಹೊರತು ಒಂದು ಸೊಲ್ಲು ಹಾಡಲಿಲ್ಲ. ಊರಿನ ಸಾವಿಗೆಲ್ಲ ಹಾಡಿದವಳು ಸ್ವಂತ ಮಗನಿಗೆ ಹಾಡಲಿಲ್ಲ. ಅಂಥವಳನ್ನು ಬಾಳೆಹಣ್ಣು, ಹಾರ, ಲೈಟು ಇಟ್ಟುಕೊಂಡಿರುವ ಸುಳ್ಳು ಸಾವಿಗೆ ಕರೆಯುವುದೇ?

ಜನವರಿ ೨೩, ಗುರುವಾರ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ದಿನವೆಲ್ಲ ಸುತ್ತಾಡಿದೆ. ಗುರುಮಲ್ಲಮ್ಮನವರನ್ನು ಕೇಳಿದೆ. "ನಿಮ್ಮವ್ವನ ತಾವ ನಾನ್ಯಾಕೆ ಕೇಳ್ಳಿ? ನಿನ್ಗೆ ಬಾಯಿಲ್ವಾ?" ಅಂದರು.

ಕೊನೆಗೆ ಅಡುಗೆಮನೆ ಹೊಸಿಲ ಮೇಲೆ ನಿಂತು ಅವಳ ಬೆನ್ನಿಗೆ ಹೇಳಿದೆ. ಎಲ್ಲ ಹೇಳಿದೆ, ಮಹಾಲಿಂಗ ಓಡಿ ಹೋದದ್ದನ್ನೂ. ನಗುತ್ತಾಳೇನೋ ಅಂತ ಆಸೆ ಇತ್ತು. ಬೆನ್ನು ಅಲ್ಲಾಡಲಿಲ್ಲ. "ಬ್ಯಾಡ ಅಂದ್ರೆ ಬ್ಯಾಡ ಬುಡವ್ವ" ಅಂತ ಹೇಳಿ ಬಂದು ಮಲಗಿದೆ.

ತಪ್ಪು ಮಾಡಿದೆ. ಇದ್ದ ಒಂದು ಎಳೆಯನ್ನೂ ಕಿತ್ತುಹಾಕಿಬಿಟ್ಟೆ ಅನ್ನಿಸುತ್ತಿದೆ.

ಜನವರಿ ೨೪, ಶುಕ್ರವಾರ

ಬೆಳಗ್ಗೆ ನಾನು ಬಾಗಿಲು ತೆಗೆದಾಗ ಅವ್ವ ಸೀರೆ ಉಟ್ಟು, ತಲೆ ಬಾಚಿ, ಬಟ್ಟೆ ಅಂಗಡಿಯ ಒಂದು ಕೈಚೀಲ ಹಿಡಿದು ಜಗುಲಿಯ ಮೇಲೆ ಕೂತಿದ್ದಳು. ವ್ಯಾನಿನಲ್ಲಿ ಕಿಟಕಿ ಪಕ್ಕ ಕೂತಳು. ಉಮ್ಮತ್ತೂರಿನವರೆಗೂ ಮಾತಿಲ್ಲ. ನನ್ನ ಎಡಗಣ್ಣು ಅದುರುತ್ತಲೇ ಇತ್ತು.

ಇಳಿದವಳೇ ಪ್ರದೀಪನಿಗೆ, "ಒಂದ್ ಬಾಳೆದಿಂಡು ತರ್ಸಪ್ಪ, ಆಳುದ್ದದ್ದು" ಅಂದಳು. ಮಹಾಲಿಂಗ ಮಲಗಬೇಕಾದ ಜಾಗದಲ್ಲಿ ದಿಂಡು ಮಲಗಿಸಿದಳು. ಕೈಚೀಲದಿಂದ ಒಂದು ಚೌಕಳಿ ಷರ್ಟು ತೆಗೆದು ಅದಕ್ಕೆ ಹೊದಿಸಿದಳು. ನಿಂಗರಾಜನ ಷರ್ಟು. ಬಟ್ಟೆಯೆಲ್ಲ ಕೊಟ್ಟುಬಿಟ್ಟೆ ಅಂದುಕೊಂಡಿದ್ದೆ ನಾನು. ಸೊಂಟದ ಮಟ್ಟಕ್ಕೆ ಬಿಳಿ ಪಂಚೆ ಎಳೆದು, ದೊಡ್ಡಮಲ್ಲಮ್ಮನಿಗೆ, "ಇವನು ನಿಜವಾಗ್ಲೂ ಸತ್ತೋನು ಕಣಮ್ಮಿ. ಇವನ್ಗೆ ಅಳಬೋದು" ಅಂದಳು.

ಪ್ರದೀಪ್ ಕ್ಯಾಮರಾ ತಿರುಗಿಸಿದ. ನಾನು ಬಿಳಿ ಸೀರೆಯಲ್ಲಿ ಫೋನ್ ಹಿಡಿದು ತಲೆಯ ಕಡೆ ನಿಂತೆ. ಅವ್ವ ಷರ್ಟಿನ ಮೇಲೆ ಕೈ ಇಟ್ಟು ಕಾಲರು ಸರಿಮಾಡಿದಳು. ಆಮೇಲೆ ಹಾಡು ಎತ್ತಿದಳು.

"ಸಂಜೀಕೆ ಬತ್ತೀನಿ ಅಂದೆಯಲ್ಲೋ ನನ್ನಪ್ಪ,
ಕಾಸಿದ ನೀರು ಆರೋಯ್ತಲ್ಲೋ ನನ್ನಪ್ಪ..."

ಬೇರೆ ಹೆಂಗಸರು ಸೊಲ್ಲು ಹಿಡಿದರು. ಬೀದಿಯಲ್ಲಿ ನಿಂತು ನೋಡುತ್ತಿದ್ದವರು ಒಬ್ಬೊಬ್ಬರಾಗಿ ಮೂಗು ಒರೆಸಿಕೊಂಡರು. ಲೈಟಿನವರೂ ಒರೆಸಿಕೊಂಡರು. ನಾನು ನಿಂತಿದ್ದೆ. ಆಗ ಅವ್ವ ತಲೆ ಎತ್ತಿ ನನ್ನ ಕಡೆ ನೋಡಿಕೊಂಡೇ ಹಾಡಿದಳು.

"ನಿಮ್ಮಕ್ಕ ನಿಂತವ್ಳೆ ನೋಡೋ ನನ್ನಪ್ಪ,
ಕಣ್ಣೀರಿಲ್ದಂಗೆ ನಿಂತವ್ಳೆ ನೋಡೋ ನನ್ನಪ್ಪ,
ನಿನ್ನ ಬೂಟಿನ ದಾರ ಬಿಚ್ದೋಳು ಅವಳಲ್ವೇನೋ,
ಅವಳ ಎಗಲು ಸಿಕ್ತು, ನಾ ಬಿದ್ದು ಅತ್ತೆ,
ಅವಳು ಬೀಳಕ್ಕೆ ಯಾರ ಎಗಲದೆ ನನ್ನಪ್ಪ."

ಬೂಟು ಬಿಚ್ಚಿದ್ದನ್ನು ಅವ್ವ ನೋಡಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ. ಹೊಸ ಬೂಟು. ದಾರ ಬಿಗಿದು ಗಂಟಾಗಿತ್ತು, ಹಲ್ಲಿನಿಂದ ಬಿಚ್ಚಿದ್ದೆ.

ಪ್ರದೀಪ್ ಕೈ ಸನ್ನೆ ಮಾಡಿದ. ನಾನು ಫೋನ್ ಕಿವಿಗೆ ಇಟ್ಟು, "ಹೆಣ ಎಲ್ಲೂ ಓಡೋಗಲ್ಲ. ಹನ್ನೊಂದು ಜನ ಮೆಂಬರ್‌ಗಳು ಓಡೋಗ್ತಾರೆ. ಅವರನ್ನ ಬಸ್ಸಲ್ಲಿ ಕೂರಿಸಿ" ಅಂದೆ. ಒಂದು ಅಕ್ಷರ ತಪ್ಪಲಿಲ್ಲ, ಸ್ವರ ನಡುಗಲಿಲ್ಲ. ಓಕೆ ಅಂದರು. ಚಪ್ಪಾಳೆ ಹೊಡೆದರು. ಇಂಥ ಮುಖ ಇಡೀ ರಾಜ್ಯದಲ್ಲಿ ಇಲ್ಲ ಅಂದ ಪ್ರದೀಪ್.

ಅವ್ವ ಷರ್ಟು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ವಾಪಸು ಬರುವಾಗಲೂ ಮಾತಿಲ್ಲ. ನನಗೇನೂ ಆಗಲಿಲ್ಲ. ಎಡಗೈ ಅಂಗೈಯಲ್ಲಿ ಉಗುರು ಒತ್ತಿ ನಾಲ್ಕು ಕಡೆ ರಕ್ತ ಬಂದಿದೆ, ಯಾವಾಗ ಆಯಿತೋ.

ಜನವರಿ ೨೫, ಶನಿವಾರ

ಪ್ರದೀಪನ ಫೋನು. ಕಥೆಯಲ್ಲಿ ಸತ್ತದ್ದು ಅಪ್ಪ, ಅವ್ವ ಹಾಡಿದ್ದು ಮಗನಿಗೆ. ಅದನ್ನು ಬಿಡಲು ಆಗುವುದಿಲ್ಲ, ಪುಟ್ಟತಾಯಿಯ ಅಪ್ಪನನ್ನೇ ತಮ್ಮನನ್ನಾಗಿ ಮಾಡಿದ್ದೇನೆ ಅಂದ. ಮಾಡಿಕೋ ಅಂದೆ.

ಒಂದು ಕೇಳಬೇಕಿತ್ತು. ಓಟು ಗೆದ್ದ ರಾತ್ರಿ ಪುಟ್ಟತಾಯಿ ಮನೆಗೆ ಹೋದಾಗ ಅವಳ ಅವ್ವ ಬಾಗಿಲು ತೆಗೆದಳಾ? ಅದನ್ನು ಯಾಕೆ ಬರೆದಿಲ್ಲ? ಕೇಳಿದೆ. "ಅದು ಪೊಲಿಟಿಕಲ್ ಡ್ರಾಮಾ ಮೇಡಂ, ಮನೆ ಬರಲ್ಲ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಜನವರಿ ೩೦, ಗುರುವಾರ

ಶೂಟಿಂಗ್ ಮುಗಿಯಿತು. ದಿನಾ ಡ್ಯೂಟಿ. ಅವ್ವ ಈಗಲೂ ಮೌನ. ಅವತ್ತು ನನ್ನ ಮುಖ ನೋಡಿ, ಇವಳು ಕಲ್ಲೇ ಅಂತ ತೀರ್ಮಾನ ಮಾಡಿಕೊಂಡಿರಬೇಕು. ನಾನೇ ಹಾಗೆ ನಿಂತು ತೋರಿಸಿದೆನಲ್ಲ. ಹಾಡಿನಲ್ಲಿ ಅವಳು ನನ್ನನ್ನು ಕರೆದಳು, ನಾನು ಡೈಲಾಗು ಹೇಳಿದೆ.

ಸಂಜೆ ಬಂದಾಗ ಮನೆಗೆ ಬೀಗ. ಕೈಚೀಲವೂ ಇಲ್ಲ ಅಂತ ಕಿಟಕಿಯಿಂದ ಕಂಡಿತು. ಬಸ್ ಸ್ಟ್ಯಾಂಡಿಗೆ ಓಡಿದೆ, ಉಮ್ಮತ್ತೂರಿನ ಬಸ್ಸು ಹತ್ತಿ ಸೀಟೆಲ್ಲ ಹುಡುಕಿ ಇಳಿದೆ, ರೈಲ್ವೆ ಸ್ಟೇಷನ್ನಿಗೂ ಹೋದೆ. ಯೂನಿಫಾರಂನಲ್ಲಿ, ತಲೆ ಕೆದರಿಕೊಂಡು, ಸಿಕ್ಕವರನ್ನೆಲ್ಲ ನಮ್ಮವ್ವನ ಕಂಡ್ರಾ ಅಂತ ಕೇಳಿದೆ. ವಾಪಸು ಬಂದರೆ ಗುರುಮಲ್ಲಮ್ಮನವರ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಳೆ. ಅವಳ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು.

ಅವಳು ಎದ್ದು ಹೋದ ಮೇಲೆ ಗುರುಮಲ್ಲಮ್ಮನವರು, "ನಿನ್ನ ಬಸ್ಸು ಯಾವ ದಾರೀಲಿ ಓಯ್ತದೆ, ಎಷ್ಟೊತ್ತಿಗೆ ಓಯ್ತದೆ ಅಂತ ಕೇಳ್ತಿದ್ಲು ಕಣಮ್ಮಿ" ಅಂದರು. ಯಾಕೋ. ಮನಸ್ಸಿಗೆ ಕೆಟ್ಟದ್ದೇ ತೋಚುತ್ತದೆ.

ಫೆಬ್ರವರಿ ೨, ಭಾನುವಾರ

ಹತ್ತು ಗಂಟೆಯ ಟ್ರಿಪ್ಪು. ಟಿಕೆಟ್ ಕೊಡುತ್ತಾ ಮುಂದೆ ಬಂದರೆ ಡ್ರೈವರ್ ಹಿಂದಿನ ಸೀಟಿನಲ್ಲಿ ಅವ್ವ ಕೂತಿದ್ದಾಳೆ, ತೊಡೆಯ ಮೇಲೆ ಅದೇ ಕೈಚೀಲ. ಏನು ಮಾಡಬೇಕೋ ತಿಳಿಯದೆ, "ಆಧಾರ್ ಕಾರ್ಡ್" ಅಂದೆ. ಅವ್ವ ಸೊಂಟದ ಚೀಲದಿಂದ ಕಾರ್ಡ್ ತೆಗೆದು ತೋರಿಸಿದಳು. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟೆ. ಶಿವಸ್ವಾಮಿ ಕನ್ನಡಿಯಲ್ಲಿ ನೋಡುತ್ತಿದ್ದರು.

ತೆರಕಣಾಂಬಿ ದಾಟಿತು. ನಾನು ತಲೆ ಬಗ್ಗಿಸಿ ಮೆಷಿನ್ ನೋಡತೊಡಗಿದೆ. ಆಗ ಅವ್ವ ಒಂದು ವರ್ಷದ ಮೇಲೆ ನನ್ನ ಜೊತೆ ಮಾತಾಡಿದಳು.

"ಯಾವ್ ತಾವ ಕಣಮ್ಮಿ?"

ಹುಣಿಸೇ ಮರ ಎದುರಿಗೆ ಬರುತ್ತಿತ್ತು. ಅಲ್ಲಿ ಸ್ಟಾಪ್ ಇಲ್ಲ. ನಾನು ಸೀಟಿ ಊದಿದೆ.

ಶಿವಸ್ವಾಮಿ ಏನೂ ಕೇಳದೆ ನಿಲ್ಲಿಸಿದರು. ನಾನು ಅವ್ವನ ಕೈ ಹಿಡಿದು ಇಳಿಸಿದೆ. ನೆಲದಲ್ಲಿ ಏನೂ ಇರಲಿಲ್ಲ, ಎಲ್ಲ ಕಡೆ ಇರುವಂಥ ಮಣ್ಣು, ಉದುರಿದ ಹುಣಿಸೆ, ಯಾರೋ ಎಸೆದ ಚೆಂಡುಹೂವು. ಇಲ್ಲೇ ಅಂದೆ. ಅವ್ವ ಹಾಡಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು.

"ಅಳೋದು ಆಮೇಲೆ ಅಂದಿದ್ದೆ. ಆಮೇಲೆ ಅಂದ್ರೆ ಯಾವಾಗ ಅಂತ ನೀ ಏಳ್ತಿಯೇನೋ ಅಂತ ಕಾದೆ, ಕಾದೆ. ನೀ ಏಳ್ಲಿಲ್ಲ" ಅಂದಳು. ಆಮೇಲೆ ನನ್ನ ತಲೆಯನ್ನು ಹೆಗಲಿಗೆ ಎಳೆದುಕೊಂಡು, "ಈಗ್ಲೇ ಆ ಆಮೇಲೆ ಕಣಮ್ಮಿ" ಅಂದಳು.

ನಾನು ಅತ್ತೆ. ಬಸ್ಸಿನ ತುಂಬಾ ಜನ ನೋಡುತ್ತಿದ್ದರು, ಯೂನಿಫಾರಂ ಮೈಮೇಲಿತ್ತು, ಆದರೂ ಅತ್ತೆ. ಅವ್ವ ಸೆರಗಿನಲ್ಲಿ ನನ್ನ ಮೂಗು ಒರೆಸಿದಳು. ಯಾರೂ ಬೇಗ ಹೊರಡಿ ಅನ್ನಲಿಲ್ಲ.

ಗುಂಡ್ಲುಪೇಟೆ ತಲುಪುವಾಗ ತಡವಾಗಿತ್ತು. ಶಿವಸ್ವಾಮಿ ಇಳಿಯುವ ಮೊದಲು, "ದಾರೀಲಿ ಯಾಕೆ ನಿಲ್ಸುದ್ರಿ ಅಂತ ಟೈಮ್ ಕೀಪರ್ ಕೇಳುದ್ರೆ ಏನ್ ಏಳ್ಳಿ ಮೇಡಂ?" ಅಂದರು.

"ಪ್ಯಾಸೆಂಜರ್ ಇಳಿದ್ರು ಅನ್ನಿ" ಅಂದೆ.

"ಎಷ್ಟು ಜನ ಅಂದ್ರೆ?"

"ಇಬ್ಬರು."